ಬೆರಳಿಗೆ ಜೋಮು, ಗಾಲಿಗೆ ಮುಳ್ಳು: ಹಳೇ ರೈಲು ಒಡ್ಡಿನ ಮೇಲೆ ಸೈಕಲ್

ಪ್ರಶ್ನೆ: ನಾನು ಮಹಾರಾಷ್ಟ್ರದ ಜತ್ತ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಮಾಸ್ತರ. ವಯಸ್ಸು 46, ತೂಕ 78 ಕೆಜಿ. ಒಂದೂವರೆ ವರ್ಷದ ಹಿಂದೆ ಯಾರೋ ಓಡಿಸಿ ಬಿಟ್ಟ ಮೌಂಟನ್ ಬೈಕ್ ಕೊಂಡೆ. 27.5 ಇಂಚಿನ ಗಾಲಿ, 2.1 ಇಂಚಿನ ಟೈರು, ಮುಂದೆ ಮಾತ್ರ ಶಾಕಪ್. ಪ್ರತಿ ಭಾನುವಾರ ಬೆಳಿಗ್ಗೆ ಹೊಲದ ದಾರಿ ಹಿಡಿದು ಹೋಗಿ, ಹಳೆಯ ನ್ಯಾರೋಗೇಜ್ ರೈಲಿನ ಒಡ್ಡಿನ ಮೇಲೆ ಓಡಿಸುತ್ತೇನೆ. ಒಟ್ಟು 35–40 ಕಿ.ಮೀ. ಆಗುತ್ತದೆ. ಒಡ್ಡು ಸಪಾಟಾಗಿರುವುದರಿಂದ ಆರಾಮಾಗಿರುತ್ತದೆ ಅಂದುಕೊಂಡಿದ್ದೆ. ಆದರೆ ಮುಕ್ಕಾಲು ತಾಸಿಗೆ ಬಲಗೈಯ ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿಯುತ್ತವೆ. ಮೊದಲೆಲ್ಲ ಮನೆಗೆ ಬಂದ ಮೇಲೆ ಸರಿಹೋಗುತ್ತಿತ್ತು. ಈಗ ಮೂರು ವಾರದಿಂದ ಬುಧವಾರದವರೆಗೂ ಉಳಿಯುತ್ತಿದೆ. ಬೋರ್ಡಿನ ಮೇಲೆ ಬರೆಯುವಾಗ ಖಡು (ಸೀಮೆಸುಣ್ಣ) ಕೈಯಿಂದ ಜಾರುತ್ತದೆ.

ಪಂಕ್ಚರ್ ಕಾಟ ಬೇರೆ. ಟೈರು ಕಲ್ಲಿನಂತಿದ್ದರೆ ಮುಳ್ಳು ಹೊಗುವುದಿಲ್ಲ ಅಂತ ಅಂಗಡಿಯವರು 60 ಪೌಂಡ್ ಹವಾ ಹೊಡೆದು ಕೊಡುತ್ತಾರೆ. ಸೈಕಲ್ ಸೀಟಿನಿಂದ ಗಂಡಸುತನಕ್ಕೆ, ಪ್ರಾಸ್ಟೇಟಿಗೆ ತೊಂದರೆ ಅಂತ ನಮ್ಮ ಭಾವ ಸೀಟಿನ ಮೂತಿಯನ್ನು ಕೆಳಗೆ ಬಾಗಿಸಿ ಕೊಟ್ಟಿದ್ದಾರೆ. ಇನ್ನೊಂದು ಅಂಗಡಿಯಲ್ಲಿ, ಹಿಂದೆ ಮುಂದೆ ಎರಡೂ ಕಡೆ ಶಾಕಪ್ ಇರುವ ಲಕ್ಷ ರೂಪಾಯಿ ಮೇಲಿನ ಬೈಕ್ ತಗೊಳ್ಳಿ, ಎಲ್ಲ ಸರಿಹೋಗುತ್ತದೆ ಅಂದರು. ಆ ಒಡ್ಡಿನ ಮೇಲೆ ಓಡಿಸುವುದು ಕಾನೂನಿಗೆ ಸರಿಯೇ ಅಂತ ನನ್ನ ಹೆಂಡತಿಯ ಪ್ರಶ್ನೆ. ಏನು ಮಾಡಲಿ?

ಉತ್ತರ: ಮಾಸ್ತರರೇ, ನೀವು ಐದಾರು ವಿಷಯ ಬರೆದಿದ್ದೀರಿ. ಅದರಲ್ಲಿ ಒಂದೇ ಒಂದು ಮಾತು ನನ್ನನ್ನು ನಿಲ್ಲಿಸಿತು. ಖಡು ಜಾರುವ ಮಾತು. ಉಳಿದದ್ದೆಲ್ಲ ಪಾನಾ ಹಿಡಿದು ಸರಿಮಾಡುವ ಕೆಲಸ. ಇದು ಹಾಗಲ್ಲ.

ಸೋಲಾಪುರದಲ್ಲಿ 24 ವರ್ಷದಿಂದ ಸೈಕಲ್ ರಿಪೇರಿ ಮತ್ತು ಫಿಟಿಂಗ್ ಮಾಡುತ್ತಿದ್ದೇನೆ. ಡಾಕ್ಟರ್ ಅಲ್ಲ. ಆದರೆ ಕೈ ಜೋಮು ಅಂತ ಬಂದವರನ್ನು ಬಹಳ ನೋಡಿದ್ದೇನೆ. ಸವಾರಿಯಲ್ಲಿ ಜೋಮು ಹಿಡಿದು, ಇಳಿದು ಕೈ ಒದರಿದ ಮೇಲೆ ಹೋಗುವುದು ಒಂದು ಬಗೆ. ಅದಕ್ಕೆ ನನ್ನ ಹತ್ತಿರ ಮದ್ದಿದೆ. ಮೂರು ದಿನ ಉಳಿಯುವುದು, ಹಿಡಿದ ವಸ್ತು ಜಾರುವುದು ಇನ್ನೊಂದು ಬಗೆ. ಅಲ್ಲಿ ನರ ಬರೀ ಮುನಿಸಿಕೊಂಡಿಲ್ಲ, ಸ್ನಾಯುವಿಗೆ ಕೊಡಬೇಕಾದ ಅಪ್ಪಣೆಯನ್ನೂ ಸರಿಯಾಗಿ ಕೊಡುತ್ತಿಲ್ಲ ಅನ್ನುವ ಗುರುತು ಅದು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಒಂದು ಹಾಳೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ಪಕ್ಕದ ನಡುವೆ ಚಪ್ಪಟೆಯಾಗಿ ಒತ್ತಿ ಹಿಡಿಯಿರಿ. ಮನೆಯವರಿಗೆ ಅದನ್ನು ಎಳೆಯಲು ಹೇಳಿ. ಹಾಳೆ ಉಳಿಸಿಕೊಳ್ಳಲು ಹೆಬ್ಬೆರಳಿನ ತುದಿ ಮಡಚಿಕೊಂಡರೆ ಶಕ್ತಿ ಕಡಿಮೆಯಾಗಿದೆ ಅಂತ ಅರ್ಥ. ಎಡಗೈಯಲ್ಲೂ ಮಾಡಿ ಹೋಲಿಸಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ದಪ್ಪ ಮಾಂಸ ಒಂದು ಕೈಯಲ್ಲಿ ಗುಳಿ ಬಿದ್ದ ಹಾಗಿದೆಯಾ, ಅದನ್ನೂ ನೋಡಿ. ಪರೀಕ್ಷೆ ಏನೇ ಹೇಳಲಿ, ಡಾಕ್ಟರಿಗೆ ತೋರಿಸುವುದು ತೋರಿಸುವುದೇ. ನಿಮಗೆ ಮಿರಜ ಹತ್ತಿರ, ಅಲ್ಲಿ ಡಾಕ್ಟರಿಗೆ ಬರವಿಲ್ಲ. ನರದ ವೇಗ ಅಳೆಯುವ ಪರೀಕ್ಷೆ ಬರೆದುಕೊಡಬಹುದು. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಅದು ನರವನ್ನು ಬೇಗ ನೋಯಿಸುತ್ತದೆ. ಕುತ್ತಿಗೆಯಿಂದಲೂ ಮೊಣಕೈಯಿಂದಲೂ ಇದೇ ಎರಡು ಬೆರಳಿಗೆ ಜೋಮು ಬರುವುದುಂಟು. ಹಾಗಾಗಿ "ಸೈಕಲ್ಲಿನಿಂದಲೇ ಬಂದದ್ದು" ಅಂತ ನೀವೇ ತೀರ್ಮಾನ ಮಾಡಿಕೊಂಡು ಹೋಗಬೇಡಿ. ಅವರು ಸರಿ ಅನ್ನುವವರೆಗೆ ಸವಾರಿ ಬಂದ್.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ.

ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ ಒಂದು ಉಬ್ಬು ಇದೆಯಲ್ಲ, ಅಲ್ಲಿ ಅಲ್ನರ್ ಅನ್ನುವ ನರ ಒಂದು ಕಿರಿದಾದ ಓಣಿಯಲ್ಲಿ ಹಾದುಹೋಗುತ್ತದೆ. ಕಿರುಬೆರಳು ಮತ್ತು ಉಂಗುರದ ಬೆರಳಿನ ಅರ್ಧಕ್ಕೆ ಸ್ಪರ್ಶ ಕೊಡುವುದು ಅದೇ. ಬೆರಳು ಅಗಲಿಸುವ, ಚಿವುಟಿ ಹಿಡಿಯುವ ಶಕ್ತಿಯೂ ಹೆಚ್ಚುಕಡಿಮೆ ಅದರದ್ದೇ. ಹ್ಯಾಂಡಲ್ ಮೇಲೆ ಭಾರ ಹಾಕಿ ಕೂತರೆ ಸರಿಯಾಗಿ ಆ ಜಾಗವೇ ಒತ್ತುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಅದು ಬೇರೆ ನರ, ಮಣಿಕಟ್ಟಿನ ನಡುವಿನದು. ನೀವು ಬೆರಳುಗಳನ್ನು ಇಷ್ಟು ಸರಿಯಾಗಿ ಗುರುತಿಸಿ ಬರೆದದ್ದರಿಂದ ಅರ್ಧ ಕೆಲಸ ಹಗುರವಾಯಿತು.

ತಮಾಷೆ ಏನು ಗೊತ್ತಾ? ನಿಮ್ಮ ಕಾಯಿಲೆಯನ್ನು ಹೆಚ್ಚಿಸಿದ್ದು ನಿಮಗೆ ಸಿಕ್ಕ ಎರಡು ಮದ್ದುಗಳೇ. 60 ಪೌಂಡ್ ಹವಾ ಒಂದು. ಬಾಗಿದ ಸೀಟು ಇನ್ನೊಂದು.

ಸೀಟಿನ ಮೂತಿ ಕೆಳಗಾದರೆ ಮೈ ಮುಂದಕ್ಕೆ ಜಾರುತ್ತಲೇ ಇರುತ್ತದೆ. ಜಾರದ ಹಾಗೆ ತಡೆಯುವವರು ಯಾರು? ಕೈಗಳು. ಇಡೀ ಎರಡು ತಾಸು ನೀವು ಅಂಗೈಯಿಂದ ಮೈಯನ್ನು ಹಿಂದಕ್ಕೆ ದೂಡುತ್ತಾ ಕೂತಿದ್ದೀರಿ. ಕೆಳಗಿನಿಂದ ಕಲ್ಲಿನಂಥ ಟೈರು ಒಂದೊಂದು ಹರಳನ್ನೂ ನೇರ ಅದೇ ಅಂಗೈಗೆ ತಂದು ಮುಟ್ಟಿಸುತ್ತಿದೆ.

ಮೂರನೆಯದು ಆ ಒಡ್ಡು. ಇದನ್ನು ಯಾರೂ ನಂಬುವುದಿಲ್ಲ, ಆದರೆ ಸಪಾಟು ದಾರಿ ಕೈಗೆ ಆರಾಮ ಅಲ್ಲ. ಗುಡ್ಡದ ದಾರಿಯಲ್ಲಿ ನೀವು ಏರುತ್ತೀರಿ, ಇಳಿಯುತ್ತೀರಿ, ಪೆಡಲ್ ಮೇಲೆ ನಿಲ್ಲುತ್ತೀರಿ, ತಿರುವಿನಲ್ಲಿ ಮೈ ಹೊರಳಿಸುತ್ತೀರಿ. ಪ್ರತಿ ನಿಮಿಷಕ್ಕೂ ಭಾರ ಜಾಗ ಬದಲಿಸುತ್ತದೆ. ರೈಲಿಗೆ ಅದೆಲ್ಲ ಆಗುವುದಿಲ್ಲ. ಹಾಗಾಗಿ ರೈಲು ದಾರಿಯನ್ನು ಕಡಿದು, ತುಂಬಿ, ಮಟ್ಟ ಮಾಡಿರುತ್ತಾರೆ. ಅಲ್ಲಿ ಕೂತವರು ಕೂತೇ ಇರುತ್ತಾರೆ, ಹಿಡಿದ ಕೈ ಹಿಡಿದೇ ಇರುತ್ತದೆ.

ಅದರ ಮೇಲೆ ಸ್ಲೀಪರ್ ಗುಳಿಗಳು. ಸ್ಲೀಪರ್ ಅಂದರೆ ಹಳಿಯ ಅಡಿಗೆ ಅಡ್ಡ ಹಾಕುವ ಪಟ್ಟಿ. ಹಳಿ, ಸ್ಲೀಪರ್ ಕಿತ್ತ ಮೇಲೆ ಅವು ಇದ್ದ ಜಾಗ ಎರಡು–ಎರಡೂವರೆ ಅಡಿಗೊಂದರಂತೆ ಸಣ್ಣಗೆ ತಗ್ಗಾಗಿ ಉಳಿಯುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದು. ತಾಸಿಗೆ 18 ಕಿ.ಮೀ. ವೇಗದಲ್ಲಿ ಹೋದರೆ ಸೆಕೆಂಡಿಗೆ ಏಳೆಂಟು ಪೆಟ್ಟು. ಹತ್ತು ನಿಮಿಷಕ್ಕೆ ಲೆಕ್ಕ ಹಾಕಿ ನೋಡಿ, ನೀವು ಗಣಿತದವರಾದರೆ ಮಕ್ಕಳಿಗೂ ಕೊಡಬಹುದು.

ಆ ಒಡ್ಡಿನ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಅದು ಬಾರ್ಶಿ ಲೈಟ್ ರೈಲ್ವೆಯದ್ದು. ಗೇಜು, ಅಂದರೆ ಎರಡು ಹಳಿಗಳ ನಡುವಿನ ಅಂತರ, ಎರಡೂವರೆ ಅಡಿ, 762 ಮಿ.ಮೀ. 1897ರಲ್ಲಿ ಕುರ್ಡುವಾಡಿಯಿಂದ ಬಾರ್ಶಿಗೆ ಶುರುವಾಗಿ, ಪಂಢರಪುರ ಮುಟ್ಟಿ, 1927ರಲ್ಲಿ ಮಿರಜಿಗೆ ಬಂತು. ಚಿಕ್ಕವನಿದ್ದಾಗ ಆಷಾಢ ಏಕಾದಶಿಗೆ ಅಜ್ಜಿಯ ಜೊತೆ ಪಂಢರಪುರಕ್ಕೆ ಅದರಲ್ಲೇ ಹೋಗಿದ್ದೆ. ಪಕ್ಕದ ದಾರಿಯಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಒಬ್ಬ ಹಾಲಿನವನು ನಮ್ಮ ಗಾಡಿಯನ್ನು ಹಿಂದೆ ಹಾಕಿದ್ದು ಇನ್ನೂ ಕಣ್ಣಮುಂದಿದೆ. ಆ ಲೈನ್ ಕಟ್ಟಿಸಿದ ಎಂಜಿನಿಯರ್ ಎವರರ್ಡ್ ಕ್ಯಾಲ್‌ಥ್ರಾಪ್. ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಇದೇ ಎರಡೂವರೆ ಅಡಿ ಗೇಜಿನ ಲೀಕ್ ಅಂಡ್ ಮ್ಯಾನಿಫೋಲ್ಡ್ ಲೈನಿಗೂ ಅವರೇ ಎಂಜಿನಿಯರ್. ಅದು 1904ರಲ್ಲಿ ಶುರುವಾಗಿ 1934ರಲ್ಲಿ ಮುಚ್ಚಿತು. 1937ರಲ್ಲಿ ಅದೇ ಜಾಗವನ್ನು ಕಾಲುದಾರಿ ಮಾಡಿದರು. ಈಗ ಅಲ್ಲಿ ಹೆಂಗಸರು, ಮಕ್ಕಳು ಡಾಂಬರಿನ ಮೇಲೆ ಸೈಕಲ್ ಓಡಿಸುತ್ತಾರೆ. ಒಬ್ಬನೇ ಎಂಜಿನಿಯರ್, ಒಂದೇ ಗೇಜು. ಅಲ್ಲಿಯದನ್ನು ಯಾರೋ ಕೂತು ದಾರಿ ಮಾಡಿದರು, ನಮ್ಮದು ಹಾಗೇ ಬಿದ್ದಿದೆ. ಹಳಿ ಕಿತ್ತ ಮಾತ್ರಕ್ಕೆ ಸೈಕಲ್ ದಾರಿ ಆಗುವುದಿಲ್ಲ. ಮುಷ್ಟಿಯಷ್ಟು ಜಲ್ಲಿ ಹಾಗೇ ಇರುತ್ತದೆ, ಮಣ್ಣಿನಲ್ಲಿ ಹುಗಿದ ಕಬ್ಬಿಣದ ಮೊಳೆ, ಬೋಲ್ಟು ಇರುತ್ತವೆ, ಎರಡೂ ಮಗ್ಗುಲಿಗೆ ಜಾಲಿ ಬೆಳೆದಿರುತ್ತದೆ.

ಮುಳ್ಳಿನ ಮಾತು ಬಂತಲ್ಲ. ಟೈರು ಗಟ್ಟಿ ಇದ್ದರೆ ಮುಳ್ಳು ಹೊಗುವುದಿಲ್ಲ ಅನ್ನುವುದು ನಮ್ಮ ಭಾಗದ ಪ್ರತಿ ಪಂಕ್ಚರ್ ಅಂಗಡಿಯ ಮಂತ್ರ. ನಾನೂ ಮೊದಲ ಐದಾರು ವರ್ಷ ಅದನ್ನೇ ಜಪಿಸಿದ್ದೆ. ಅರ್ಧ ಸತ್ಯ ಅದು. ಹವಾ ತೀರಾ ಕಡಿಮೆ ಇದ್ದಾಗ ಕಲ್ಲಿಗೆ ಬಡಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತದೆ. ಅದನ್ನು ಹವಾ ತಡೆಯುತ್ತದೆ. ಆದರೆ ಮುಳ್ಳನ್ನು ಹವಾ ತಡೆಯುವುದಿಲ್ಲ. ನೆಗ್ಗಿಲ ಮುಳ್ಳು, ಮರಾಠಿಯವರ ಸರಾಟಾ, ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಟೈರು ಕಲ್ಲಾಗಿದ್ದರೆ ಅದಕ್ಕೆ ಇನ್ನೂ ಅನುಕೂಲ, ಬಗ್ಗದ ರಬ್ಬರಿಗೆ ಸೂಜಿ ಹಾಕಿದ ಹಾಗೆ ಇಳಿಯುತ್ತದೆ. ಜಾಲಿ ಮುಳ್ಳು ಉದ್ದ, ಅದು ಯಾರ ಮಾತೂ ಕೇಳುವುದಿಲ್ಲ.

ಟೈರಿನ ಮಗ್ಗುಲಲ್ಲಿ ಬರೆದಿರುವ ದೊಡ್ಡ ಅಂಕಿ ಗರಿಷ್ಠ ಮಿತಿ. ಅಷ್ಟು ತುಂಬಲೇಬೇಕು ಅಂತಲ್ಲ. ನಿಮ್ಮ ತೂಕಕ್ಕೆ, ಟ್ಯೂಬು ಇರುವ 2.1 ಇಂಚಿನ ಟೈರಿಗೆ ಮುಂದೆ 32, ಹಿಂದೆ 36 ಪೌಂಡಿನಿಂದ ಶುರುಮಾಡಿ. ಜೋಡಿ ತೂತು ಬಿದ್ದರೆ ಎರಡು ಪೌಂಡ್ ಏರಿಸಿ. ಗೇಜ್ ಇರುವ ಕೈಪಂಪು ಒಂದು ಮನೆಯಲ್ಲಿರಲಿ. ಹೆಬ್ಬೆರಳಿಂದ ಒತ್ತಿ ನೋಡುವುದು ನಂಬಿಕೆಗೆ ಸರಿ, ಲೆಕ್ಕಕ್ಕಲ್ಲ.

ಮುಳ್ಳಿಗೆ ನಿಜವಾದ ಉಪಾಯ ಒಳಗಿನ ದ್ರಾವಣ, ನಾವು ಸೀಲಂಟ್ ಅನ್ನುವುದು. ಟ್ಯೂಬೇ ಇಲ್ಲದ ಟ್ಯೂಬ್‌ಲೆಸ್ ಟೈರಿನಲ್ಲಿ ಗಾಲಿಗೆ 80–100 ಮಿ.ಲೀ. ಹಾಕಿದರೆ ಸಣ್ಣ ಮುಳ್ಳಿನ ತೂತುಗಳು ಓಡುತ್ತಲೇ ಮುಚ್ಚುತ್ತವೆ. ಹವಾ ಇನ್ನೂ ನಾಲ್ಕೈದು ಪೌಂಡ್ ಇಳಿಸಬಹುದು, ಕೈಗೆ ಅದು ಬೋನಸ್. ಆದರೆ ಎರಡು ತೊಡಕು. ಹಳೆಯ ಬೈಕಿನ ಎಲ್ಲ ರಿಮ್ಮುಗಳೂ ಇದಕ್ಕೆ ಒಗ್ಗುವುದಿಲ್ಲ. ಒಗ್ಗದ ರಿಮ್ಮಿಗೆ ಟೇಪು ಸುತ್ತಿ ಒತ್ತಾಯ ಮಾಡಿದರೆ ತಿರುವಿನಲ್ಲಿ ಟೈರು ಕಳಚಿ ಬೀಳಿಸುತ್ತದೆ. ಇನ್ನೊಂದು, ನಮ್ಮ ಬಿಸಿಲಿಗೆ ದ್ರಾವಣ ಬೇಗ ಒಣಗುತ್ತದೆ. ಎರಡು–ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ ತುಂಬಬೇಕು. ಮರೆತರೆ ಒಳಗೆ ಒಣ ರಬ್ಬರಿನ ಉಂಡೆ ಸಿಗುತ್ತದೆ ಅಷ್ಟೇ. ನಿಮ್ಮ ಟ್ಯೂಬಿನ ವಾಲ್ವ್ ಮೋಟರ್‌ಸೈಕಲ್ಲಿನದರ ಹಾಗೆ ದಪ್ಪ ಇದ್ದರೆ ಸುಲಭದ ದಾರಿ ಇದೆ. ಒಳಗಿನ ಪಿನ್ನು ಬಿಚ್ಚಿ, ಟ್ಯೂಬಿಗೆ ಸರಿಹೋಗುವ ಸೀಲಂಟನ್ನು ಟ್ಯೂಬಿಗೇ ಸುರಿಯಿರಿ. ಟ್ಯೂಬ್‌ಲೆಸ್‌ನಷ್ಟು ಚೆನ್ನಾಗಿ ಮುಚ್ಚುವುದಿಲ್ಲ, ಆದರೆ ಮೊದಲಿನ ಕಾಟ ಇರುವುದಿಲ್ಲ. ಮತ್ತೆ, ಪಂಕ್ಚರ್ ಹಾಕುವಾಗ ಹಳೆಯ ಮುಳ್ಳಿನ ತುದಿ ಟೈರಿನಲ್ಲೇ ಉಳಿದಿರುತ್ತದೆ. ಸ್ವಲ್ಪ ಹತ್ತಿ ಹಿಡಿದು ಟೈರಿನ ಒಳಗೆ ಒರೆಸಿ. ಹತ್ತಿ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಒಂದೇ ವಾರದಲ್ಲಿ ಎರಡು ಪಂಕ್ಚರ್ ಆದವರಲ್ಲಿ ಅರ್ಧ ಜನಕ್ಕೆ ಎರಡನೆಯದು ಮೊದಲನೆಯದರ ಮುಳ್ಳೇ.

ಇನ್ನು ನಿಮ್ಮ ಭಾವನವರ ಭಯ. ಇದನ್ನು ಗಂಡಸರು ಕಿವಿಯಲ್ಲಿ ಕೇಳುತ್ತಾರೆ, ಅಂಗಡಿ ಖಾಲಿಯಾದ ಮೇಲೆ. ಸುಮ್ನೆ ನಕ್ಕು ಬಿಡುವ ವಿಷಯ ಅಲ್ಲ. ಸೀಟು ತಪ್ಪಿದ್ದರೆ ಕಾಲುಗಳ ನಡುವಿನ ಮೆತ್ತನೆಯ ಜಾಗದ ನರ, ರಕ್ತನಾಳ ಒತ್ತಿ ಅಲ್ಲಿಯೂ ಜೋಮು ಹಿಡಿಯುತ್ತದೆ. ಅದು ಎಚ್ಚರಿಕೆ. ತಕ್ಷಣ ನಿಲ್ಲಬೇಕು, ಸೀಟು ಸರಿಮಾಡಬೇಕು. ಮತ್ತೆ ಮತ್ತೆ ಆದರೆ ಡಾಕ್ಟರಿಗೆ ಹೇಳಬೇಕು. ಆದರೆ ಭಾನುವಾರದ 40 ಕಿ.ಮೀ. ಸವಾರಿಯಿಂದ ಗಂಡಸುತನ ಹೋಗುತ್ತದೆ ಅನ್ನುವುದು ಕಟ್ಟೆಯ ಮೇಲಿನ ಮಾತು. ಪ್ರಾಸ್ಟೇಟಿನದ್ದು ಒಂದು ನೆನಪಿಡಿ. ಮುಂದೆಂದಾದರೂ ಪಿಎಸ್‌ಎ ರಕ್ತಪರೀಕ್ಷೆ ಬರೆದುಕೊಟ್ಟರೆ ಅದಕ್ಕೆ ಮೊದಲು 48 ಗಂಟೆ ಸೈಕಲ್ ಬೇಡ. ಸವಾರಿಯಿಂದ ಅಂಕಿ ಏರಿ ಸುಮ್ನೆ ಗಾಬರಿ ಹುಟ್ಟಿಸಬಹುದು.

ಉಪಾಯ ಮೂತಿ ಬಾಗಿಸುವುದಲ್ಲ. ಸೀಟಿನ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಇಡಿ, ಅದರ ಮೇಲೆ ಮೊಬೈಲಿನ ಮಟ್ಟ ನೋಡುವ ಆ್ಯಪ್ ಇಟ್ಟು ಸಪಾಟು ಮಾಡಿ. ಬೇಕಾದರೆ ಒಂದೆರಡು ಡಿಗ್ರಿ ಕೆಳಗೆ, ಅದಕ್ಕಿಂತ ಜಾಸ್ತಿ ಬೇಡ. ಕೂಡುವ ಎರಡು ಎಲುಬುಗಳು ಸೀಟಿನ ಹಿಂದಿನ ಅಗಲ ಭಾಗದ ಮೇಲೆ ಬರಬೇಕು. ಎತ್ತರಕ್ಕೆ ಹಳೆಯ ಲೆಕ್ಕವೇ ಸಾಕು. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಸೀಟು ತೀರಾ ಕೆಳಗಿಟ್ಟುಕೊಂಡು ಮೊಣಕಾಲು ನೋಯಿಸಿಕೊಂಡವರೇ "ಸೈಕಲ್ಲಿನಿಂದ ಮೊಣಕಾಲು ಸವೆಯುತ್ತದೆ" ಅಂತ ಊರಿಗೆಲ್ಲ ಹೇಳುವುದು.

ಕೈಗೆ ಮಾಡಬೇಕಾದದ್ದು ಇಷ್ಟು. ಬ್ರೇಕ್ ಲಿವರನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿ, ಮುಂಗೈಯಿಂದ ಬೆರಳಿನವರೆಗೆ ಒಂದೇ ಗೆರೆ ಬರುವ ಹಾಗೆ. ಮಣಿಕಟ್ಟು ಹಿಂದಕ್ಕೆ ಮಡಚಿದರೆ ನರದ ಓಣಿ ಇನ್ನೂ ಇಕ್ಕಟ್ಟಾಗುತ್ತದೆ. ಉರುಟು ಗ್ರಿಪ್ ತೆಗೆದು, ಹೊರತುದಿಯಲ್ಲಿ ಎಲೆಯ ಹಾಗೆ ಅಗಲವಾಗುವ ಗ್ರಿಪ್ ಹಾಕಿಸಿ. ಭಾರ ಒಂದು ಗೆರೆಯ ಮೇಲೆ ಬೀಳುವ ಬದಲು ಅಂಗೈಗೆಲ್ಲ ಹಂಚಿಹೋಗುತ್ತದೆ. ದಪ್ಪ ಜೆಲ್ ಗ್ಲೌಸು ಎಲ್ಲರೂ ಮೊದಲು ಕೊಳ್ಳುವ ವಸ್ತು. ತೀರಾ ದಪ್ಪ ಇದ್ದರೆ ಅದೇ ಉಂಡೆಯಾಗಿ ನರವನ್ನು ಒತ್ತುತ್ತದೆ, ತೆಳುವಾದದ್ದೇ ಸಾಕು. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲಿ. ಎಮ್ಮೆ ಹಿಂಡುವವರ ಹಾಗೆ ಹ್ಯಾಂಡಲ್ ಹಿಂಡಬೇಡಿ.

ಮುಂದಿನ ಶಾಕಪ್ ಬದುಕಿದೆಯಾ ನೋಡಿ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಕೆಳಗೆ ಒತ್ತಿ. ಮೆತ್ತಗೆ ಇಳಿದು ಏಳಬೇಕು. ಹಳೆಯ ಬೈಕುಗಳಲ್ಲಿ ತುಕ್ಕು ಹಿಡಿದು ಕೋಲಿನ ಹಾಗೆ ಆಗಿರುತ್ತದೆ, ಇಲ್ಲಾ ಮೇಲಿನ ಲಾಕ್ ಒತ್ತಿಯೇ ಇರುತ್ತದೆ. ನನ್ನ ಹತ್ತಿರ ಬಂದ ಒಬ್ಬರು ಎರಡು ವರ್ಷ ಲಾಕ್ ಹಾಕಿಕೊಂಡೇ ಓಡಿಸಿದ್ದರು. ಲಕ್ಷ ರೂಪಾಯಿಯ ಬೈಕ್? ಬೇಡ. ಹಿಂದಿನ ಶಾಕಪ್ ಇರುವುದು ಬೆಟ್ಟದ ಕಲ್ಲುಮೆಟ್ಟಿಲು ಹಾರಿಸಿಕೊಂಡು ಇಳಿಯುವವರಿಗೆ. ಸಪಾಟು ಒಡ್ಡಿನ ಮೇಲೆ ಅದು ನಿಮ್ಮ ಶಕ್ತಿ ತಿನ್ನುತ್ತದೆ, ಅದರ ಬೇರಿಂಗುಗಳು ಧೂಳು ತಿನ್ನುತ್ತವೆ. ಬಾಗಿದ ಸೀಟು, 60 ಪೌಂಡ್ ಹವಾ ಅಲ್ಲಿಯೂ ಮಾಡಿದರೆ ಅದೇ ಜೋಮು.

ನಿಮ್ಮ ಮನೆಯವರ ಪ್ರಶ್ನೆ ಎಲ್ಲಕ್ಕಿಂತ ಚುರುಕಾಗಿದೆ. ಹಳಿ ಹೋದರೂ ಜಮೀನು ರೈಲ್ವೆಯದ್ದೇ ಆಗಿರಬಹುದು. ಅಪ್ಪಣೆ ಇಲ್ಲದೆ ರೈಲ್ವೆ ಜಾಗಕ್ಕೆ ಹೋಗುವುದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದನ ಮೇಯಿಸುವವರನ್ನು ಯಾರೂ ಕೇಳುವುದಿಲ್ಲ ಅನ್ನುವುದು ನಿಜ. ಆದರೆ ಬಿದ್ದು ಏಟಾದಾಗ ಪ್ರಶ್ನೆ ಬರುವುದೇ ಅಲ್ಲಿ. ಯಾವ ತುಂಡು ಯಾರದು ಅಂತ ತಲಾಠಿಯ (ಊರಿನ ಕಂದಾಯ ನೌಕರ) ಹತ್ತಿರ ಸಾತಬಾರಾ ಉತಾರಾ (ಜಮೀನಿನ ಪಹಣಿ) ನೋಡಿದರೆ ಗೊತ್ತಾಗುತ್ತದೆ. ರೈಲ್ವೆಯದ್ದಾದರೆ ಹತ್ತಿರದ ಸ್ಟೇಷನ್ನಿನಲ್ಲಿ ಯಾರ ಅಪ್ಪಣೆ ಬೇಕು ಅಂತ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ರೈತರು ಉತ್ತು ಹೊಲ ಮಾಡಿಕೊಂಡ ತುಂಡಾದರೆ ಅವರನ್ನೇ ಕೇಳಿ. ದ್ರಾಕ್ಷಿ, ದಾಳಿಂಬೆ ಇರುವ ಕಡೆ ಅಂತೂ ಕೇಳದೆ ಕಾಲಿಡಬೇಡಿ.

ಈಗಿನ ಬ್ರಾಡ್‌ಗೇಜ್ ಹಳಿಯ ಪಕ್ಕದ ದಾರಿ ಮಾತ್ರ ಯಾವ ಕಾರಣಕ್ಕೂ ಬೇಡ. ಹಳೆಯ ಗಾಡಿ ಮೈಲಿ ದೂರದಿಂದ ಕೂಗಿಕೊಂಡು ಬರುತ್ತಿತ್ತು. ಈಗಿನ ಕರೆಂಟ್ ಎಂಜಿನ್ ಗಾಳಿ ಎದುರಿದ್ದರೆ ಬೆನ್ನ ಹಿಂದೆ ಬರುವವರೆಗೆ ಗೊತ್ತಾಗುವುದಿಲ್ಲ.

ಹಳೆಯ ಒಡ್ಡಿನ ದೊಡ್ಡ ಅಪಾಯ ಮೋರಿ ಮತ್ತು ಸೇತುವೆ. ಗರ್ಡರ್ ಬಿಚ್ಚಿಕೊಂಡು ಹೋಗಿರುತ್ತಾರೆ, ಎರಡು ಕಡೆ ಕಲ್ಲಿನ ಕಟ್ಟೆ ಉಳಿದಿರುತ್ತದೆ, ನಡುವೆ ಏನೂ ಇರುವುದಿಲ್ಲ. ದಾರಿ ನೇರ ಇರುವುದರಿಂದ ಕಣ್ಣು ದೂರ ನೋಡುತ್ತದೆ, ಕಾಲಡಿ ನೋಡುವುದಿಲ್ಲ. ಮಳೆಗಾಲ ಮುಗಿದ ಹೊಸತರಲ್ಲಿ ಒಂದು ಸಂಜೆ ನಾನೇ ಹೀಗೆ ಬಿದ್ದಿದ್ದೇನೆ. ಮೋರಿಯ ಮೇಲಿನ ಮಣ್ಣು ಕೊಚ್ಚಿಹೋಗಿ ಒಂದು ಮೊಳದ ಸಂದು ಆಗಿತ್ತು, ಅದರ ಮೇಲೆ ಹುಲ್ಲು ಮಲಗಿತ್ತು. ಮುಂದಿನ ಗಾಲಿ ಅದರಲ್ಲಿ ಇಳಿಯಿತು. ಕಾಲರ್ ಎಲುಬು ಮುರಿದು ಆರು ವಾರ ಕೈ ಕೊರಳಿಗೆ ಕಟ್ಟಿಕೊಂಡೆ. ಆಮೇಲಿಂದ ಹೊಸ ತುಂಡನ್ನು ಮೊದಲು ನಡೆದು ನೋಡುತ್ತೇನೆ, ಪ್ರತಿ ಮಳೆಗಾಲ ಆದ ಮೇಲೆ ಮತ್ತೊಮ್ಮೆ. ಮುಸ್ಸಂಜೆಗೆ ಅಲ್ಲಿ ಇರುವುದೇ ಇಲ್ಲ.

ಬೇರೆ ದಾರಿ ಕೇಳಿದರೆ ನಾನು ಹೊಲದ ಬಂಡಿದಾರಿಗೇ ಓಟು ಹಾಕುತ್ತೇನೆ. ಏರು, ಇಳಿವು, ತಿರುವು ಇರುವುದರಿಂದ ನಿಮ್ಮ ಕೈಗೂ ಅದೇ ಒಳ್ಳೆಯದು. ಮೈಸಾಳ ನೀರಾವರಿ ಯೋಜನೆಯ ಕಾಲುವೆಗಳ ಪಕ್ಕದ ದಾರಿ ನೋಡಲು ಚಂದ, ಆದರೆ ಅದೂ ಇಲಾಖೆಯ ಜಾಗ. ಅಂಚಿನ ಮಣ್ಣು ಸಡಿಲ, ಸಿಮೆಂಟಿನ ಇಳಿಜಾರಿನಲ್ಲಿ ಬಿದ್ದರೆ ಹತ್ತಿ ಬರುವುದು ಕಷ್ಟ. ಒಬ್ಬರೇ ಹೋಗಬೇಡಿ. ಎರೆಮಣ್ಣಿನ ದಾರಿ ಮಳೆ ಬಿದ್ದ ದಿನ ಬೇಡ. ಇಪ್ಪತ್ತು ಮಾರು ಹೋಗುವುದರಲ್ಲಿ ಮಣ್ಣು ಗಾಲಿಗೆ ರೊಟ್ಟಿ ಹಿಟ್ಟಿನ ಹಾಗೆ ಸುತ್ತಿಕೊಂಡು ಚೌಕಟ್ಟಿನಲ್ಲಿ ಕಚ್ಚುತ್ತದೆ. ಬೈಕ್ ನಿಮ್ಮನ್ನು ಹೊರುವ ಬದಲು ನೀವು ಬೈಕನ್ನು ಹೊರುತ್ತೀರಿ. ಬಲವಂತ ಮಾಡಿದರೆ ಹಿಂದಿನ ಡಿರೇಲರ್, ಅಂದರೆ ಗೇರು ಬದಲಿಸುವ ಭಾಗ, ಮುರಿಯುತ್ತದೆ. ಕೆಂಪು ಗರಸಿನ ದಾರಿ ಮಾರನೇ ದಿನಕ್ಕೇ ಒಣಗುತ್ತದೆ.

ನಿಮ್ಮ ಕಡೆ ಮಾಡಗ್ಯಾಳ ಕುರಿಯ ಹಿಂಡುಗಳು ಜಾಸ್ತಿ, ಅವುಗಳ ಜೊತೆ ನಾಯಿಗಳೂ. ಹಿಂಡು ಕಂಡರೆ ಇಳಿದುಬಿಡಿ. ಬೈಕನ್ನು ನಿಮಗೂ ನಾಯಿಗೂ ನಡುವೆ ಹಿಡಿದು, ಕುರುಬರಿಗೆ ಕೂಗಿ ಹೇಳಿ ನಡೆಯಿರಿ. ವೇಗವಾಗಿ ಓಡುವ ಗಾಲಿ ಕಂಡರೆ ಅವು ಬೆನ್ನು ಹತ್ತುತ್ತವೆ. ಕಚ್ಚಿದರೆ 15 ನಿಮಿಷ ಸಾಬೂನು ಹಾಕಿ ಹರಿಯುವ ನೀರಲ್ಲಿ ತೊಳೆದು ಅದೇ ದಿನ ಚುಚ್ಚುಮದ್ದಿಗೆ ಹೋಗಬೇಕು.

ಡಾಕ್ಟರು ಒಪ್ಪಿದ ಮೇಲೆ ಮೊದಲ ತಿಂಗಳು 10–12 ಕಿ.ಮೀ. ಸಾಕು, ಅದೂ ಬಂಡಿದಾರಿಯಲ್ಲಿ. ಜೋಮು ಶುರುವಾದ ನಿಮಿಷವೇ ಇಳಿಯಿರಿ. ನರ ನಿಧಾನಕ್ಕೆ ಸುಧಾರಿಸುವ ವಸ್ತು, ವಾರಗಳು, ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಬೈಕ್ ಗೋಡೆಗೆ ಒರಗಿರುತ್ತದಲ್ಲ, ಸೀಟಿನ ಮೂತಿಯನ್ನು ಇವತ್ತೇ ಎತ್ತಿ. ಭಾವನವರು ಬಂದು ಕೇಳಿದರೆ ನನ್ನ ಹೆಸರು ಹೇಳಿ.